ಕೌದಿ, ಕಣ, ಕುಚ್ಚು: ಹಳೆ ಬೆಂಗಳೂರು ಹೊಲಿಗೆ ಕಲಿತ ಬಗೆ

ಹೊಲಿಗೆ ಕನ್ನಡನಾಡಿನಲ್ಲಿ ಬಹುಕಾಲ ಎರಡು ಕಡೆ ನೆಲೆಸಿತ್ತು: ಕುಲಕಸುಬಾಗಿ ಸಿಂಪಿಗರ ಕೈಯಲ್ಲಿ, ಹಳೆ ಬಟ್ಟೆಯ ಹೊದಿಕೆ ಕೌದಿಯಾಗಿ ಮನೆಯ ಹೆಂಗಸರ ಕೈಯಲ್ಲಿ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಅವನ ಕಸುಬು ಹೆಸರಿಗೇ ಅಂಟಿಕೊಂಡು ಉಳಿದಿದೆ. ಸಿಂಪಿಗನ ಹೊಲಿಗೆಗೆ ಕೂಲಿಯಿತ್ತು. ಮನೆಯ ಕೌದಿಗೆ ಕೂಲಿಯೂ ಇರಲಿಲ್ಲ, ಗುರುವೂ ಇರಲಿಲ್ಲ. ಅಜ್ಜಿಯ ಪಕ್ಕ ಕೂತ ಹುಡುಗಿ ನೋಡಿ ನೋಡಿಯೇ ಕಲಿಯುತ್ತಿದ್ದಳು. ಹೊಲಿಗೆಗೊಂದು ತರಗತಿ, ಅದಕ್ಕೊಂದು ಶುಲ್ಕ, ಆಮೇಲೊಂದು ಸ್ಪರ್ಧೆ ಎಂಬ ಏರ್ಪಾಡು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೇರುಬಿಟ್ಟದ್ದು ಈ ಬಡಾವಣೆಗಳು ಹುಟ್ಟಿದ ಮೇಲೆ.

ಹೊಲಿಗೆಯನ್ನು ಪಾಠಪಟ್ಟಿಗೆ ತಂದವರು ಮಿಷನ್ ಶಾಲೆಯವರು. 1840ರ ದಶಕದಲ್ಲಿ ಲಂಡನ್ ಮಿಷನ್‌ನ ಪಾದ್ರಿಗಳ ಪತ್ನಿಯರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅವರ ತಾಯಿ ಅವರಲ್ಲೊಬ್ಬರು. ಮಿಷನ್ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಸೂಜಿ ಕೆಲಸವೂ ಇರುತ್ತಿತ್ತು. ತುಂಡುಬಟ್ಟೆಯ ಮೇಲೆ ಒಂದೊಂದೇ ಹೊಲಿಗೆ ಕಲಿತು, ಆ ತುಂಡುಗಳನ್ನು ಪುಸ್ತಕಕ್ಕೆ ಅಂಟಿಸಿ ಮೇಡಂಗೆ ತೋರಿಸುವ ಕ್ರಮ ಇಂಥ ಪಾಠದಿಂದಲೇ ಬೆಳೆದು ಇವತ್ತಿನ ಟೈಲರಿಂಗ್ ತರಗತಿಯವರೆಗೂ ನಡೆದುಬಂದಿದೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರದೂಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಬೇರೆ ಬೇರೆ ಊರಿನಿಂದ ಬಂದು ಅಕ್ಕಪಕ್ಕ ಮನೆ ಮಾಡಿದವರಿಗೆ ಒಟ್ಟಿಗೆ ಸೇರಲು ಒಂದು ತಾಣ ಬೇಕಾಯಿತು. ಸಂಗೀತಕ್ಕೆ ಗಾಯನ ಸಮಾಜ, ಸಾಹಿತ್ಯಕ್ಕೆ 1915ರಲ್ಲಿ ಸಾಹಿತ್ಯ ಪರಿಷತ್ತು ಬಂದವು. ಹೆಂಗಸರ ಪಾಲಿಗೆ ಬಂದದ್ದು ಸಮಾಜಗಳು. ಬಸವನಗುಡಿಯ ಅಬಲಾಶ್ರಮ 20ನೇ ಶತಮಾನದ ಮೊದಲ ದಶಕದ್ದು. ಮಹಿಳಾ ಸೇವಾ ಸಮಾಜ 1913ರದ್ದು. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಶಾರದಾ ಸ್ತ್ರೀ ಸಮಾಜ ಕಟ್ಟಿದರು, 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು, 1938ರಲ್ಲಿ ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಆರಂಭಿಸಿದರು.

ಇಂಥ ಸಮಾಜಗಳ ಕಾಲದಲ್ಲಿ ಹೊಲಿಗೆ ಹೊತ್ತು ಕಳೆಯುವ ಬಾಬತ್ತಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತವರಿನಲ್ಲಿ ಅಡುಗೆಮನೆಯ ಮೂಲೆ ಸೇರಿದ ಹೆಣ್ಣಿಗೆ ಹೊರಗೆ ದುಡಿಯುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಸೂಜಿ ಹಿಡಿದರೆ ಮನೆಯೊಳಗೇ ಕೂತು ನಾಲ್ಕು ಕಾಸು ಸಂಪಾದಿಸಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಲಿಗೆ ಕಲಿಯುವ ನೆಪದಲ್ಲಿ ಮನೆಯ ಹೊಸ್ತಿಲು ದಾಟಬಹುದಿತ್ತು. ಮಧ್ಯಾಹ್ನದ ಊಟ ಮುಗಿದು ಸಂಜೆ ದೀಪ ಹಚ್ಚುವ ಮುಂಚಿನ ಬಿಡುವೇ ಹೆಂಗಸರ ತರಗತಿಯ ಹೊತ್ತು. ಇವತ್ತಿಗೂ ಈ ಬಡಾವಣೆಗಳ ಹಲವು ತರಗತಿಗಳು ಆ ಹೊತ್ತಿಗೇ ನಡೆಯುತ್ತವೆ.

ಕೈಹೊಲಿಗೆಯ ಪಕ್ಕಕ್ಕೆ ಹೊಲಿಗೆ ಯಂತ್ರ ಬಂದು ಕೂತಿತು. ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. ಕಂತಿನ ಮೇಲೆ ಮಾರುವ ಉಪಾಯವೇ ಅವನ ಕಂಪನಿಯ ದೊಡ್ಡ ಗೆಲುವು. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ದಣಿವು ನೋಡಲಾರದೆ ಸಿಂಗರ್ ಅದನ್ನು ಕಟ್ಟಿದ ಎಂಬುದು ಅವರು ಕೊಟ್ಟ ಕಾರಣ. 1930ರ ದಶಕದ ಮಧ್ಯದಲ್ಲಿ ಕೋಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ತಂದ ಮೇಲೆ ದೇಶಿ ಹೊಲಿಗೆ ಯಂತ್ರ ಮಧ್ಯಮ ವರ್ಗದ ನಡುಮನೆಗೂ ಬಂತು. ಟೈಲರಿಂಗ್ ಕ್ಲಾಸಿನ ಬೋರ್ಡು ಅಡ್ಡರಸ್ತೆಯ ಗೇಟುಗಳಿಗೆ ಬಿದ್ದದ್ದು ಆಮೇಲೆ.

ಕಲಿಯಲು ಬಟ್ಟೆ ಬೇಕಲ್ಲ. ಅದಕ್ಕೆ ಈ ಊರಿನಲ್ಲಿ ಎಂದೂ ಬರ ಬಂದದ್ದಿಲ್ಲ. ಕಬ್ಬನ್‌ಪೇಟೆಯಲ್ಲಿ ದೇವಾಂಗರ ಮಗ್ಗಗಳಿದ್ದವು, ಕಾಟನ್‌ಪೇಟೆಯ ಕಡೆ ಬಿನ್ನಿ ಮಿಲ್ಲಿತ್ತು, ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ಲಿತ್ತು. ಅದು ಇದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ನಿಂತಿದೆ. ಮಿಲ್ಲುಗಳು ಸೊರಗುವ ಹೊತ್ತಿಗೆ ಗಾರ್ಮೆಂಟ್ ಕಾರ್ಖಾನೆಗಳು ಹೆಚ್ಚಿ, ರಫ್ತಿನಲ್ಲಿ ಉಳಿದ ತುಂಡುಗಳು ಚಿಕ್ಕಪೇಟೆಯ ಗಲ್ಲಿಗಳಿಗೂ ಕಟ್‌ಪೀಸ್ ಅಂಗಡಿಗಳಿಗೂ ಹರಿದುಬಂದವು.

ಆದರೆ ಮನೆಮನೆಯಲ್ಲೂ ತಾನಾಗಿ ಬೆಳೆಯುವ ಬಟ್ಟೆಯ ರಾಶಿ ಬೇರೆಯೇ ಇದೆ: ರವಿಕೆ ಕಣ. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆದವರು ಕೊಡುತ್ತಾರೆ, ಗೌರಿ ಹಬ್ಬದ ಬಾಗಿನದ ಮೊರದಲ್ಲಿ ಬರುತ್ತದೆ, ಮದುವೆ ಮುಂಜಿಗಳಲ್ಲಿ ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ಮಡಿಲಿಗೆ ಬೀಳುತ್ತದೆ. ಸುಮಾರು 80 ಸೆಂಟಿಮೀಟರಿನ ತುಂಡು. ಕೆಲವು ರವಿಕೆಯಾಗುತ್ತವೆ. ಉಳಿದವು ಬೀರುವಿನಲ್ಲಿ ಕಾದಿದ್ದು ಇನ್ನೊಬ್ಬರ ತಾಂಬೂಲಕ್ಕೆ ಹೋಗುತ್ತವೆ, ಅಲ್ಲಿಂದ ಮತ್ತೊಬ್ಬರಿಗೆ. ಗಿಳಿಹಸಿರು, ಅರಿಶಿನ, ಕುಂಕುಮಗೆಂಪು, ನೇರಳೆ ಹೀಗೆ ಗಾಢ ಬಣ್ಣಗಳು ಇದರಲ್ಲಿ ಹೇರಳ. ಹತ್ತಿಯ ಕಣವಾದರೆ ಚೌಕ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆ ಹುಡುಕಬೇಕಿಲ್ಲ. ಪಾಲಿಯೆಸ್ಟರ್ ಬೆರೆತದ್ದು ಇಸ್ತ್ರಿಗೆ ಮಡಿಕೆ ನಿಲ್ಲದೆ ಜಾರುತ್ತದೆ. ಬಣ್ಣ ಬಿಡುವ ಕೆಂಪು ಕಣವನ್ನು ಮೊದಲು ನೆನೆಸಿ ಒಗೆಯದಿದ್ದರೆ ಪಕ್ಕದ ಬಿಳಿ ಚೌಕ ಹಾಳಾಗುವುದು ಖಂಡಿತ.

ಈ ಕಣ, ಸೀರೆಗಳ ಸುತ್ತ ಬೆಳೆದ ಅಂಗಡಿಗಳೇ ಮುಂದೆ ಕಲಿಕೆಯ ತಾಣಗಳೂ ಆದವು. ಫಾಲ್ಸ್, ಲೈನಿಂಗ್, ರೇಷ್ಮೆ ನೂಲು, ಮಣಿ, ಲೇಸು ಮಾರುವ ಪುಟ್ಟ ಅಂಗಡಿಗಳು ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಸುತ್ತಮುತ್ತ, ಗಾಂಧಿಬಜಾರಿನ ಆಸುಪಾಸಿನಲ್ಲಿ ಬೇಕಾದಷ್ಟಿವೆ. ಇಂಥ ಅಂಗಡಿಗೆ ಮೊದಲು ಬಂದದ್ದು ಸೀರೆಯ ಸೆರಗಿಗೆ ಕುಚ್ಚು ಹಾಕಿಸುವ ಗಿರಾಕಿ. ಕುಚ್ಚಿನ ಬೇಡಿಕೆ ಏರಿದಾಗ ಕಟ್ಟುವ ಕೈ ಸಾಲದಾಯಿತು. ಅಕ್ಕಪಕ್ಕದ ಬೀದಿಯ ಹೆಂಗಸರು ಸೀರೆಯನ್ನು ಮನೆಗೊಯ್ದು ಕುಚ್ಚು ಕಟ್ಟಿ ತರತೊಡಗಿದರು. ಅವರಿಗೆ ಕಲಿಸಲೇಬೇಕಾಯಿತು. ಬೇಬಿ ಕುಚ್ಚು ಹಾಕುವುದನ್ನು ಹತ್ತಿರದಿಂದ ನೋಡಿದರೆ ಅದರ ಶ್ರಮ ತಿಳಿಯುತ್ತದೆ. ರೇಷ್ಮೆಯ ಹಲವು ಎಳೆಗಳನ್ನು ಒಟ್ಟು ಮಾಡಿ ಸೂಜಿಗೆ ಪೋಣಿಸಿ, ಸೆರಗಿನ ಅಂಚಿನಲ್ಲಿ ಹಾಯಿಸಿ, ಜರಿ ಎಳೆಯಿಂದ ಕುತ್ತಿಗೆ ಬಿಗಿದು, ಕೆಳಗೆ ಸಮನಾಗಿ ಕತ್ತರಿಸಬೇಕು. ಒಂದು ಅಂಚಿಗೆ ಇಂಥವು ಒತ್ತೊತ್ತಾಗಿ ನೂರಾರು. ಅಂತರ ಕೂದಲೆಳೆಯಷ್ಟು ತಪ್ಪಿದರೂ ಸೆರಗು ಸೊಟ್ಟಗೆ ಕಾಣುತ್ತದೆ.

ಸ್ಪರ್ಧೆಯ ಅಭ್ಯಾಸ ಈ ಊರಿಗೆ ಹೂವಿನಿಂದ ಬಂತು ಎನ್ನಬಹುದು. ಬಸವನಗುಡಿಗೆ ಅಂಟಿಕೊಂಡ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ಫಲಪುಷ್ಪ ಪ್ರದರ್ಶನದ ನೆಲೆಯಾಯಿತು. ಅದರ ಜೊತೆಗೇ ಮನೆಯ ಕೈತೋಟ, ಇಕೆಬಾನ, ತರಕಾರಿ ಕೆತ್ತನೆಗಳಿಗೂ ಸ್ಪರ್ಧೆಗಳು ಸೇರಿಕೊಂಡವು. ಗೃಹಿಣಿಯ ಕೈಕೆಲಸಕ್ಕೆ ನಾಲ್ಕು ಜನರ ಎದುರು ತೀರ್ಪು, ಬಹುಮಾನ ಸಿಗಬಹುದೆಂಬುದು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ಬೀದಿಯ ರಂಗೋಲಿ ಸ್ಪರ್ಧೆ, ನವರಾತ್ರಿಯ ಬೊಂಬೆ ಸ್ಪರ್ಧೆಗಳೂ ಅದೇ ಜಾಡಿನವು.

ಹೊಲಿಗೆಯ ಸ್ಪರ್ಧೆಯಲ್ಲಿ ಮಾತ್ರ ಒಂದು ತೊಡಕಿದೆ. ರಂಗೋಲಿಯನ್ನು ತೀರ್ಪುಗಾರರ ಕಣ್ಣೆದುರೇ ಬಿಡಿಸುತ್ತಾರೆ. ಸ್ಪರ್ಧೆಗೆ ಬರುವ ಹೊದಿಕೆಯಾದರೋ ಮನೆಯಲ್ಲಿ ತಿಂಗಳುಗಟ್ಟಲೆ ಹೊಲಿದದ್ದು. ಯಾರು ಹೊಲಿದರೆಂದು ಹೇಳುವುದು ಹೇಗೆ? 1933ರ ಷಿಕಾಗೊ ವಿಶ್ವಮೇಳದ ಹೊತ್ತಿಗೆ ಸಿಯರ್ಸ್ ಕಂಪನಿ ಅಮೆರಿಕದಲ್ಲಿ ಏರ್ಪಡಿಸಿದ ಕ್ವಿಲ್ಟ್ ಸ್ಪರ್ಧೆಗೆ ಸುಮಾರು 24,000 ಹೊದಿಕೆಗಳು ಬಂದವು. ಮೊದಲ ಬಹುಮಾನ ಪಡೆದ ಕೆಂಟಕಿಯ ಮಹಿಳೆ ಒಂದು ಹೊಲಿಗೆಯನ್ನೂ ತಾನು ಹಾಕಿರಲಿಲ್ಲ, ಕೂಲಿ ಕೊಟ್ಟು ಬೇರೆ ಹೆಂಗಸರಿಂದ ಹೊಲಿಸಿದ್ದಳು ಎಂಬುದು ಬಹಳ ವರ್ಷಗಳ ಮೇಲೆ ಹೊರಬಿತ್ತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಹೊಲಿದವರ ಪಾಲಿಗೆ ಬಹುಮಾನದ ಹಣ ಬರಲಿಲ್ಲ. ಬಹುಮಾನ ಇಡುವ ಯಾರೇ ಆದರೂ ಇದನ್ನು ನೆನಪಿಡಬೇಕು.

ಅಮೆರಿಕ, ಜಪಾನುಗಳ ಕ್ವಿಲ್ಟಿಂಗ್ ಇಲ್ಲಿಗೆ ಹವ್ಯಾಸವಾಗಿ ಬಂದದ್ದು ಇತ್ತೀಚೆಗೆ: ಉರುಳುವ ಅಲಗಿನ ಕಟರ್, ಗೆರೆ ಹಾಕಿದ ಕತ್ತರಿಸುವ ಮ್ಯಾಟು, ನಡುವೆ ಇಡುವ ಹತ್ತಿಯ ಪದರ ಎಲ್ಲದರ ಜೊತೆ. 2019ರ ಜನವರಿಯಲ್ಲಿ ಚೆನ್ನೈನಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆಯಿತು. ಅಲ್ಲಿ ಪ್ರದರ್ಶನ, ಸ್ಪರ್ಧೆ, ಕಮ್ಮಟ ಮೂರೂ ಇದ್ದವು. ಮೇಲಿನ ಪದರದಲ್ಲಿ ಲೆಕ್ಕ ಹಾಕಿ ಕತ್ತರಿಸಿದ ಚೌಕಗಳು, ನಡುವೆ ಹತ್ತಿ, ಕೆಳಗೆ ಅಸ್ತರು, ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ, ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಸಾಗುವ ಪಕ್ಕಾ ಹೊಲಿಗೆ: ತರಗತಿಯಲ್ಲಿ ಸಾಮಾನ್ಯವಾಗಿ ಕಲಿಸುವುದು ಇದನ್ನು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಸಮುದಾಯದ ಹೆಂಗಸರ ಕೌದಿ ಇದಕ್ಕೆ ತಿರುವುಮುರುವು. ಹಳೆ ಸೀರೆಯನ್ನು ನೆಲದ ಮೇಲೆ ಹಾಸಿ, ತುಂಡುಗಳನ್ನು ಅಂಚಿನಿಂದ ಇಡುತ್ತಾ, ಸುತ್ತಿ ಸುತ್ತಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಅಳತೆಪಟ್ಟಿ ಇಲ್ಲ, ನಕಾಶೆ ಇಲ್ಲ. ಮುಂದಿನ ತುಂಡು ಯಾವ ಬಣ್ಣದ್ದೆಂದು ಕೈಗೆ ಬಂದಾಗಲೇ ತೀರ್ಮಾನ. ನಾಲ್ಕೂ ಮೂಲೆಗೆ ಮಡಿಸಿದ ಮುಕ್ಕೋನದ 'ಫೂಲ' ಹೊಲಿಯಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆಯೇರಿದವು. ಬಸವನಗುಡಿಯ ತರಗತಿಗೆ ಗುರುವಾಗಿ ಬರಬೇಕಾದವರು ಇವರು ಮತ್ತು ಬೆಳಗಾವಿ, ಧಾರವಾಡದ ಕಡೆಯ ಕೌದಿ ಹೊಲಿಯುವ ತಾಯಂದಿರು. ಬಂದರೆ ಮೇಡಂಗಳಿಗೆ ಸಲ್ಲುವಷ್ಟೇ ಸಂಭಾವನೆ ಅವರಿಗೂ ಸಲ್ಲಬೇಕು.

ಅಮೆರಿಕದ ಕ್ವಿಲ್ಟ್ ಕೂಟಗಳಲ್ಲಿ ಹೊದಿಕೆಯ ಹಿಂಬದಿಯ ಮೂಲೆಗೆ ಹೊಲಿದವರ ಹೆಸರು, ಊರು, ಇಸವಿ ಬರೆದ ಪಟ್ಟಿ ಹಚ್ಚುವ ರೂಢಿಯಿದೆ. ನಮ್ಮ ಕೌದಿಗಳಲ್ಲಿ ಅದಿಲ್ಲ. ರವಿಕೆ ಕಣದ ಒಂದು ಚೂರು, ನಾಲ್ಕು ಎಳೆ ನೂಲು ಇದಕ್ಕೆ ಸಾಕು; ಸ್ಪರ್ಧೆ ಏರ್ಪಡಿಸುವವರು ಇದನ್ನು ನಿಯಮವಾಗಿಸಿದರೆ ಕತ್ತರಿಸಿದವರು, ಜೋಡಿಸಿದವರು, ಹೊಲಿದವರು ಬೇರೆ ಬೇರೆಯಾದಾಗ ಎಲ್ಲರ ಹೆಸರೂ ಪಟ್ಟಿಯ ಮೇಲೆ ಬರುತ್ತದೆ.