ಕ್ಲಾಸಿನ ಹೆಸರು ಮೆಥಡ್ಡಿಗೇಕೆ ಕಾಣದು?

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಶುರುವಾದಾಗ ಎಂ.ಜಿ. ರಸ್ತೆಯಿಂದ ಹೊರಟ ರೈಲು ಹಲಸೂರು, ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಯಲ್ಲಿ ನಿಲ್ಲುತ್ತಿತ್ತು. ಮುಂದೆ ಹಳಿ ಇರಲಿಲ್ಲ. ಆ ರೈಲಿಗೊಂದು ಪೈಥಾನ್ ಕ್ಲಾಸ್ ಬರೆಯೋಣ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರಿಡಬಹುದು. ಕ್ಲಾಸ್, ಡೆಫ್, ಪ್ರಿಂಟ್‌ನಂಥ ಪೈಥಾನಿನದೇ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸಬೇಕು. ‘ಸೆಲ್ಫ್’ ಬರೀ ರೂಢಿಯಾದ್ದರಿಂದ ಇಲ್ಲಿ ‘ತಾನು’ ಎಂದಿದ್ದೇನೆ.

ಕ್ಲಾಸ್ ರೈಲು:
    ಕೊನೆ = "ಬೈಯಪ್ಪನಹಳ್ಳಿ"
    ಡೆಫ್ ಘೋಷಣೆ(ತಾನು):
        ಪ್ರಿಂಟ್(ಕೊನೆ)

ಫೈಲ್ ತಕರಾರಿಲ್ಲದೆ ಲೋಡ್ ಆಗುತ್ತದೆ. ಘೋಷಣೆಯನ್ನು ಕರೆದಾಗಲೇ ‘ನೇಮ್‌ಎರರ್’. ಜಾವಾದಲ್ಲಿ ಪಳಗಿದವರು ಎಡವುವುದು ಇಲ್ಲೇ: ಎರಡು ಸಾಲು ಮೇಲೆ ಕಾಣುವ ಹೆಸರು ಸಿಗುವುದಿಲ್ಲವೆಂದರೆ?

ಕ್ಲಾಸಿನ ಒಡಲು ಒಮ್ಮೆ ಮೇಲಿಂದ ಕೆಳಗೆ ಓಡುತ್ತದೆ. ಅಲ್ಲಿ ಹುಟ್ಟಿದ ಹೆಸರುಗಳೆಲ್ಲ ಕ್ಲಾಸಿನ ಆಟ್ರಿಬ್ಯೂಟ್‌ಗಳಾಗುತ್ತವೆ. ಮೆಥಡ್ ಬರಿಯ ಹೆಸರೊಂದನ್ನು ಹುಡುಕುವಾಗ ಮೊದಲು ತನ್ನೊಳಗೆ, ಆಮೇಲೆ ತನ್ನನ್ನು ಸುತ್ತುವರಿದ ಫಂಕ್ಷನ್‌ಗಳಲ್ಲಿ, ನಂತರ ಮಾಡ್ಯೂಲಿನಲ್ಲಿ, ಕೊನೆಗೆ ಬಿಲ್ಟ್‌ಇನ್‌ಗಳಲ್ಲಿ ನೋಡುತ್ತದೆ. ಕ್ಲಾಸನ್ನು ಬಿಟ್ಟೇ ಹೋಗುತ್ತದೆ. 2001ರಲ್ಲಿ ಪೈಥಾನ್ 2.1ಕ್ಕೆ ಒಂದರೊಳಗೊಂದು ಸ್ಕೋಪ್ ಬಂದಾಗ ಬೇಕೆಂದೇ ಹೀಗಿಟ್ಟರು. ‘ತಾನು.ಕೊನೆ’ ಅಥವಾ ‘ರೈಲು.ಕೊನೆ’ ಎಂದರೆ ಕೆಲಸ ಆಗುತ್ತದೆ.

ಎರರ್ ಬಂದರೆ ಪುಣ್ಯ ಎನ್ನಿ. ಮಾಡ್ಯೂಲಿನಲ್ಲೂ ‘ಕೊನೆ’ ಎಂಬ ಹೆಸರಿದ್ದರೆ ಮೆಥಡ್ ಸದ್ದಿಲ್ಲದೆ ಅದನ್ನೇ ಎತ್ತಿಕೊಳ್ಳುತ್ತದೆ. ತಪ್ಪು ನಿಲ್ದಾಣದ ಘೋಷಣೆ ನಡೆದೇ ಇರುತ್ತದೆ.

ಇನ್ನು ಬೆಲೆ ಬದಲಿಸುವ ವಿಚಾರ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಕೊಂಡಿ ಕೂಡಿ, ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಒಂದಾಯಿತು. ‘ರೈಲು.ಕೊನೆ = "ವೈಟ್‌ಫೀಲ್ಡ್"’ ಎಂದು ಬರೆದರೆ ಈಗಾಗಲೇ ಹುಟ್ಟಿರುವ ರೈಲುಗಳಿಗೂ ಅದು ಅನ್ವಯಿಸುತ್ತದೆ. ಆದರೆ ಅದಕ್ಕೂ ಮೊದಲು ಯಾರೋ ‘ರೈಲು1.ಕೊನೆ = "ಇಂದಿರಾನಗರ"’ ಎಂದಿದ್ದರೆ, ಆ ಒಂದು ರೈಲು ಇಂದಿರಾನಗರದಲ್ಲೇ ಉಳಿಯುತ್ತದೆ. ಚುಕ್ಕಿ ಇಟ್ಟು ಓದುವಾಗ ಹುಡುಕಾಟ ಮೊದಲು ವಸ್ತುವಿನಲ್ಲಿ, ಸಿಗದಿದ್ದರೆ ಕ್ಲಾಸಿನಲ್ಲಿ. ಬರೆಯುವಾಗ ಮಾತ್ರ ನೇರ ವಸ್ತುವಿಗೇ. ‘ತಾನು.ಎಣಿಕೆ += 1’ ಕೂಡ ಮೊದಲ ಸಲ ಕ್ಲಾಸಿನಿಂದ ಓದಿ, ವಸ್ತುವಿನಲ್ಲಿ ಹೊಸ ಹೆಸರು ಹುಟ್ಟಿಸುತ್ತದೆ. ಎಲ್ಲ ರೈಲುಗಳ ಒಟ್ಟು ಲೆಕ್ಕ ಬೇಕಿದ್ದವರಿಗೆ ಇದು ಕೈಕೊಡುತ್ತದೆ.

ಪಟ್ಟಿಯದು ಇನ್ನೊಂದು ತರಲೆ. ಕ್ಲಾಸಿನಲ್ಲಿ ‘ಪ್ರಯಾಣಿಕರು = []’ ಎಂದಿಟ್ಟು, ಮೆಥಡ್ಡಿನಿಂದ ಅದಕ್ಕೆ ಅಪೆಂಡ್ ಮಾಡಿದರೆ ಹೊಸ ಹೆಸರೇನೂ ಹುಟ್ಟುವುದಿಲ್ಲ; ಹಲಸೂರಿನಲ್ಲಿ ಒಂದು ರೈಲು ಹತ್ತಿದವರು ಎಲ್ಲ ರೈಲುಗಳಲ್ಲೂ ಕಾಣಿಸಿಕೊಳ್ಳುತ್ತಾರೆ. ಪ್ರತಿ ರೈಲಿಗೂ ಬೇರೆ ಪಟ್ಟಿ ಬೇಕಾದರೆ ಅದನ್ನು ‘ಇನಿಟ್’ ಮೆಥಡ್ಡಿನೊಳಗೆ, ‘ತಾನು.ಪ್ರಯಾಣಿಕರು = []’ ಎಂದು ಹುಟ್ಟಿಸಿ.