ಅಳಿಲಿನ ಮೇಲೆ ಅಪವಾದ

ಬೆಳಗ್ಗೆ ಅರಳಿದ ದಾಸವಾಳ ಹತ್ತು ಗಂಟೆಯೊಳಗೆ ಚಿಂದಿಯಾಗಿದ್ದರೆ, ಮನೆಯವರ ಸಿಟ್ಟು ಮೊದಲು ತಿರುಗುವುದು ಕಾಂಪೌಂಡಿನ ಮೇಲೆ ಓಡಾಡುವ ಅಳಿಲಿನತ್ತ. ಅದು ಕಾಣದಿದ್ದರೆ ಕೊಂಬೆಯಲ್ಲಿ ಕೂತ ಓತಿಕ್ಯಾತನತ್ತ. ಹೂದೋಟದ ಪಂಚಾಯಿತಿಯಲ್ಲಿ ಕಣ್ಣಿಗೆ ಬಿದ್ದವರೇ ಕಳ್ಳರು.

ಓತಿಕ್ಯಾತ ಅಲ್ಲಿ ಕಾಯುವುದು ಹೂವಿಗೆ ಬರುವ ಕೀಟಗಳಿಗಾಗಿ. ಅಳಿಲು ಪೂರ್ತಿ ಸಾಚಾ ಅಲ್ಲ, ಮೊಗ್ಗು ಕಚ್ಚುವುದುಂಟು. ಪಿಕಳಾರವೂ ಎಸಳು ಹರಿದು ತಿನ್ನುತ್ತದೆ. ಆದರೆ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ ಮೊದಲು ಹುಡುಕಬೇಕಾದದ್ದು ಬ್ಲಿಸ್ಟರ್ ಬೀಟಲ್ ಎಂಬ ದುಂಬಿಯನ್ನು. ಕಪ್ಪು ಮೈ, ಅಡ್ಡಲಾಗಿ ಕಿತ್ತಳೆ ಪಟ್ಟೆ, ಸುಮಾರು 2 ಸೆಂಟಿಮೀಟರ್ ಉದ್ದ. ಹಾಡಹಗಲೇ ಹೂವಿನೊಳಗೆ ಕೂತು ಆರಾಮಾಗಿ ಎಸಳು ಮೇಯುತ್ತದೆ. ತೊಗರಿ, ಅಲಸಂದೆ ಬೆಳೆಯುವ ರೈತರಿಗೆ ಇದು ಹಳೆಯ ಪರಿಚಯ. ಅದರ ಧೈರ್ಯದ ಹಿಂದಿರುವುದು ಮೈಯೊಳಗಿನ ಕ್ಯಾಂಥರಿಡಿನ್ ಎಂಬ ವಿಷ. ಬರಿಗೈಯಲ್ಲಿ ಹಿಸುಕಿದರೆ ಚರ್ಮದ ಮೇಲೆ ನೀರುಗುಳ್ಳೆ ಏಳುತ್ತದೆ. ಹಾಗೆಂದು ಔಷಧಿಯ ಡಬ್ಬಿ ಹಿಡಿದು ಹೊರಡುವುದೂ ಅವಸರವೇ: ಇದರ ಮರಿಹುಳುಗಳು ಮಣ್ಣಿನಲ್ಲಿ ಮಿಡತೆಯ ಮೊಟ್ಟೆ ತಿಂದು ಬೆಳೆಯುತ್ತವೆ.

ಎಸಳೆಲ್ಲ ನೆಟ್ಟಗಿದ್ದು ಹೂವಿನ ಬುಡದಲ್ಲಿ ಮಾತ್ರ ಸೀಳು ಕಂಡರೆ ಅದು ಸೂರಕ್ಕಿಯ ಕೆಲಸ. ಮಕರಂದಕ್ಕೆ ಅಡ್ಡದಾರಿ ಹಿಡಿದಿದೆ, ಹೂ ತಿಂದಿಲ್ಲ. ಇನ್ನು ಸುರುಳಿ ಸುತ್ತಿಕೊಂಡ ಇಡೀ ಹೂಗಳು ನೆಲಕ್ಕೆ ಬಿದ್ದಿದ್ದರೆ ಯಾರನ್ನೂ ದೂರಬೇಕಿಲ್ಲ. ಒಂಟಿ ಸುತ್ತಿನ ದಾಸವಾಳದ ಆಯುಸ್ಸೇ ಸಾಮಾನ್ಯವಾಗಿ ಒಂದು ದಿನ.

ಗುಲಾಬಿಯಲ್ಲಿ ನಡೆಯುವ ಅನ್ಯಾಯ ಇನ್ನೊಂದು ಬಗೆಯದು. ಎಲೆಯ ಅಂಚಿನಲ್ಲಿ ಬಳೆ ಇಟ್ಟು ಕತ್ತರಿಸಿದಂಥ ಅರ್ಧಚಂದ್ರಗಳು ಕಂಡರೆ ಜನ ಕಂಬಳಿಹುಳು ಹುಡುಕುತ್ತಾರೆ, ಸಿಗದೆ ಕೊನೆಗೆ ಕೀಟನಾಶಕ ಹೊಡೆಯುತ್ತಾರೆ. ಆ ತುಂಡುಗಳನ್ನು ಯಾರೂ ತಿಂದಿರುವುದಿಲ್ಲ. ಎಲೆ ಕತ್ತರಿಸುವ ಒಂಟಿ ಜೇನೊಣ ಅವನ್ನು ಹೊತ್ತೊಯ್ದು ಗೂಡಿನ ಕೋಣೆಗಳಿಗೆ ಒಳಗೋಡೆ ಮಾಡುತ್ತದೆ. ಪರಾಗಸ್ಪರ್ಶಕ್ಕೆ ಬೇಕಾದ ನೊಣವದು. ಔಷಧಿ ಬಿದ್ದರೆ ಸಾಯುವುದು ಅದೇ. ಮೊಗ್ಗಿನ ಮೇಲೆ ಸಾಲುಗಟ್ಟಿದ ಇರುವೆಗಳದ್ದೂ ಇಂಥದೇ ಪಾಡು. ಸಾಮಾನ್ಯವಾಗಿ ಅವು ಬಂದಿರುವುದು ಗಿಡದ ರಸ ಹೀರುವ ಹೇನು, ಹಿಟ್ಟು ತಿಗಣೆಗಳು ವಿಸರ್ಜಿಸುವ ಸಿಹಿ ಅಂಟಿಗೆ.

ಚೆಂಡುಹೂವಿನ ಗಿಡ ನೆಟ್ಟರೆ ತೋಟಕ್ಕೆ ಹುಳವೇ ಸುಳಿಯುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಅದರ ಬೇರಿನ ರಾಸಾಯನಿಕ ಮಣ್ಣಿನೊಳಗಿನ ಬೇರುಗಂಟು ಜಂತುಗಳನ್ನು ಹತ್ತಿಕ್ಕುವುದು ನಿಜ. ನೆಲದ ಮೇಲಿನ ಕಥೆ ಬೇರೆ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಹಾಕಲು ಹೇಳಿಕೊಟ್ಟಿದ್ದೇ ಕಾಯಿಕೊರಕದ ಪತಂಗಗಳು ಟೊಮ್ಯಾಟೊ ಬಿಟ್ಟು ಅದರ ಮೇಲೆ ಮೊಟ್ಟೆಯಿಡಲಿ ಎಂದು!

ಬಸವನಹುಳುವಿಗಂತೂ ಚೆಂಡುಹೂ ಬಲು ಇಷ್ಟ. ರಾತ್ರಿ ನೆಟ್ಟಗಿದ್ದ ಸಸಿ ಬೆಳಗ್ಗೆ ಬರೀ ಕಡ್ಡಿಯಾಗಿ, ಸುತ್ತ ಒಣಗಿದ ಲೋಳೆಯ ಹೊಳೆಯುವ ಗೆರೆಗಳಿದ್ದರೆ ಇಲಿಯನ್ನು ಬಯ್ಯುವುದು ವ್ಯರ್ಥ. ದೊಡ್ಡ ಶಂಖದಂಥ ಚಿಪ್ಪಿನ ಆಫ್ರಿಕನ್ ಬಸವನಹುಳು ಈ ನೆಲದ್ದಲ್ಲ. 1847ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಚಿಪ್ಪುಜೀವಿಗಳ ಅಭ್ಯಾಸಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದದ್ದು. ಇಂದು ಕೊಡಗಿನ ಕಾಫಿ ತೋಟಗಳವರೆಗೂ ಅದರ ಕಾಟ. ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗುವುದರಿಂದ ‘ಹೋದ ವರ್ಷದ್ದೆಲ್ಲ ಸತ್ತವು’ ಎಂದು ಜನ ನೆಮ್ಮದಿಯಾಗಿರುತ್ತಾರೆ. ಮಳೆ ಬಿದ್ದರೆ ಅವೇ ಎದ್ದು ಬರುತ್ತವೆ. ಸುಣ್ಣ ಬಳಿದ ಗೋಡೆಯನ್ನು ಅವು ಕೆರೆಯುವುದು ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂಗಾಗಿ.

ಗಿಡದ ಬುಡಕ್ಕೆ ಉಪ್ಪು ಸುರಿದರೆ ಹುಳು ಸಾಯುತ್ತದೆ, ಗಿಡವೂ ಸೊರಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ಮೇಲು. ಹಸಿ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟರೆ ಅಲ್ಲಿ ಸೇರಿಕೊಂಡವು ಬೆಳಗ್ಗೆ ಒಟ್ಟಿಗೇ ಸಿಗುತ್ತವೆ. ಕೈಗವಸು ಬೇಕೇಬೇಕು, ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರಬಲ್ಲ ಒಂದು ಜಂತುವನ್ನು ಈ ಹುಳುಗಳು ಹೊತ್ತಿರುವುದುಂಟು.

ಮಲ್ಲಿಗೆ ಮೊಗ್ಗಿನಲ್ಲಿ ದುಂಡು ತೂತು, ಮೊಗ್ಗುಗಳನ್ನು ಹೆಣೆದ ನೂಲು ಕಂಡರೆ ಮೊಗ್ಗು ಕೊರೆಯುವ ಮರಿಹುಳು ಒಳಗಿದೆ ಅಥವಾ ತಿಂದು ಮುಗಿಸಿ ಹೋಗಿದೆ. ಗಿಡದ ತುದಿಯೇ ಮಾಯವಾಗಿದ್ದರೆ ಕಡಿದ ಜಾಗವನ್ನು ನೋಡಬೇಕು. ದನ, ಮೇಕೆ, ಜಿಂಕೆಗಳಿಗೆ ಮೇಲಿನ ಮುಂಬಲ್ಲು ಇಲ್ಲ; ಹಿಡಿದು ಜಗ್ಗುವುದರಿಂದ ತುದಿ ನಾರುನಾರಾಗಿರುತ್ತದೆ. ಮೊಲ, ಇಲಿ ಕಡಿದದ್ದು ಚಾಕು ಹಾಕಿದಂತೆ ನುಣುಪು. ಕೋತಿಯಾದರೆ ಪತ್ತೇದಾರಿಕೆಯೇ ಬೇಡ, ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.

ನೆಲದಲ್ಲಿ ಒಂದು ಎಸಳೂ ಇಲ್ಲ, ಲೋಳೆಯಿಲ್ಲ, ಹಲ್ಲಿನ ಗುರುತಿಲ್ಲ, ತೊಟ್ಟುಗಳು ಅಚ್ಚುಕಟ್ಟಾಗಿ ಮುರಿದಿವೆ, ಕೈಗೆ ಎಟುಕದ ಕೊಂಬೆಯಲ್ಲಿ ಮಾತ್ರ ಹೂ ಉಳಿದಿದೆ ಎಂದಾದರೆ ಹೊರಗೆ ನಿಂತು ನೋಡಬೇಕಾದದ್ದು ಬೆಳಗಿನ ಐದೂವರೆಗೆ. ಪ್ಲಾಸ್ಟಿಕ್ ಕವರು, ಕೊಕ್ಕೆ ಕಟ್ಟಿದ ಕೋಲು ಹಿಡಿದು ವಾಕಿಂಗ್‌ಗೆ ಬರುವ ಈ ಪ್ರಾಣಿಗೆ ಬೇವಿನೆಣ್ಣೆ ನಾಟುವುದಿಲ್ಲ.