ಗಣಕಯಂತ್ರದ ಕಿರುದೋಷ

ಒಂದನ್ನು ಮೂರರಿಂದ ಭಾಗಿಸಿದರೆ ದಶಮಾಂಶವು 0.333... ಎಂದು ಕೊನೆಯಿಲ್ಲದೆ ಸಾಗುವುದು ಶಾಲಾ ಬಾಲಕರೂ ಬಲ್ಲ ಸಂಗತಿ. ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಿಂದ ಎಣಿಸುವ ಗಣಕಯಂತ್ರಕ್ಕೆ ಹತ್ತನೆಯ ಒಂದು ಭಾಗವೂ ಅಂತಹುದೇ ಮುಗಿಯದ ಸಂಖ್ಯೆ. ಸ್ಥಳ ಮಿತವಾದುದರಿಂದ ಯಂತ್ರವು ಅದನ್ನು ಒಂದೆಡೆ ತುಂಡರಿಸಲೇಬೇಕು. ಉಳಿಯುವ ದೋಷ ಅತ್ಯಲ್ಪ. ಆದರೆ ಎಣಿಕೆಯೊಡನೆ ಅದು ಬೆಳೆಯುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯದ ದಹ್ರಾನಿನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಎಡೆಬಿಡದೆ 100 ಗಂಟೆ ನಡೆದ ಬಳಿಕ ಅದರ ಲೆಕ್ಕ 0.34 ಸೆಕೆಂಡು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿಯು ಅರ್ಧ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸುತ್ತದೆ. ಫೆಬ್ರವರಿ 25ರಂದು ವ್ಯವಸ್ಥೆಯು ಅದನ್ನು ಆಕಾಶದ ತಪ್ಪು ಭಾಗದಲ್ಲಿ ಅರಸಿತು. 28 ಸೈನಿಕರು ಮಡಿದರು. ತಿದ್ದಿದ ಪ್ರೋಗ್ರಾಂ ಅಲ್ಲಿಗೆ ತಲುಪಿದುದು ಮರುದಿನ.